ಹಳೆಯ ಟ್ಯೂಬ್ ಆಂಪ್ಲಿಫೈಯರನ್ನು ‘ಅಪ್‌ಗ್ರೇಡ್’ಗೆ ಕೊಡುವ ಮುನ್ನ ಇದನ್ನು ಓದಿ

ನನ್ನ ಸೋದರಮಾವನವರು ದಶಕಗಳ ಕಾಲ ಜತನದಿಂದ ಇಟ್ಟುಕೊಂಡು ಕೊನೆಗೆ ನನ್ನ ಕೈಗೆ ಒಪ್ಪಿಸಿದ ಡೈನಾಕೋ ಸ್ಟೀರಿಯೋ 70 ಆಂಪ್ಲಿಫೈಯರನ್ನು, ‘ಪೂರ್ತಿ ಹೊಸದು ಮಾಡಿ, ಅಪ್‌ಗ್ರೇಡ್ ಕೂಡ ಮಾಡಿಕೊಡುತ್ತೇನೆ’ ಎಂದು ಭರವಸೆ ಕೊಟ್ಟ ರಿಪೇರಿಯವರೊಬ್ಬರಿಗೆ ಕೊಟ್ಟೆ. ಅದು ಮನೆಗೆ ಮರಳಿದ ನಾಲ್ಕನೆಯ ತಿಂಗಳಲ್ಲಿ ಎಡ ಚಾನೆಲ್ಲಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ಟ್ಯೂಬ್‌ಗಳ ಶಕ್ತಿಯನ್ನು ಸ್ಪೀಕರಿಗೆ ಹೊಂದಿಸಿ ಕೊಡುವ ಭಾಗ, ಸುಟ್ಟುಹೋಯಿತು. ಅವರ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಏನಾಯಿತು, ಏಕಾಯಿತು ಎಂಬುದನ್ನಷ್ಟೇ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಯಂತ್ರ ಮನೆಯಲ್ಲಿರುವ ಯಾರಿಗೂ ಇದೇ ನಷ್ಟ ಇದೇ ದಾರಿಯಲ್ಲಿ ಬರಬಹುದು.

1959ರಲ್ಲಿ ಹೊರಬಂದ ಈ ಮಾದರಿಯಲ್ಲಿ ಸ್ಪೀಕರಿಗೆ ಶಕ್ತಿ ಒದಗಿಸುವ ನಾಲ್ಕು ಇಎಲ್34 ಔಟ್‌ಪುಟ್ ವಾಲ್ವ್‌ಗಳೂ (ಟ್ಯೂಬಿಗೇ ವಾಲ್ವ್ ಎಂದೂ ಹೆಸರು), ಎಸಿ ವಿದ್ಯುತ್ತನ್ನು ಡಿಸಿಗೆ ಬದಲಿಸುವ ಒಂದು ಜಿಜೆಡ್34 ರೆಕ್ಟಿಫೈಯರ್ ವಾಲ್ವೂ ಇವೆ. ಒಂದೊಂದು ಚಾನೆಲ್ಲಿಗೆ 35 ವಾಟ್. ನಾನು ಕೊಟ್ಟಾಗ ಅದರಲ್ಲಿ ಗುಂಯ್ ಎನ್ನುವ ಸದ್ದು ಹೆಚ್ಚಾಗಿತ್ತು, ಒಂದು ಚಾನೆಲ್ ಆಗಾಗ ಕ್ಷೀಣಿಸುತ್ತಿತ್ತು. ಮರಳಿ ಬಂದಾಗ ಹೊಳೆಯುವ ಸಾಕೆಟ್‌ಗಳು, ದಪ್ಪನೆಯ ಸ್ಪೀಕರ್ ಟರ್ಮಿನಲ್‌ಗಳು, ಒಂದು ಹಂತದಿಂದ ಮುಂದಿನ ಹಂತಕ್ಕೆ ಧ್ವನಿಯ ಸಂಕೇತವನ್ನಷ್ಟೇ ದಾಟಿಸುವ ದುಬಾರಿ ಕಪ್ಲಿಂಗ್ ಕೆಪಾಸಿಟರ್‌ಗಳು, ‘ಹೊಂದಿಸಿದ ಜೋಡಿ’ ಎಂದು ಹೇಳಲಾದ ಹೊಸ ವಾಲ್ವ್‌ಗಳು, ಎಲ್ಲವೂ ಇದ್ದವು. ಸದ್ದು ಹೋಗಿತ್ತು, ತಗ್ಗಿನ ಸ್ವರಗಳಿಗೆ ಗಟ್ಟಿತನ ಬಂದಿತ್ತು. ನನಗೆ ನಿಜಕ್ಕೂ ಸಂತೋಷವಾಯಿತು. ಆ ಸಂತೋಷದಲ್ಲಿ, ಎಲ್ಲೆಲ್ಲಿ ಎಷ್ಟೆಷ್ಟು ವೋಲ್ಟೇಜ್ ಇದೆ ಎಂದು ಅಳೆದು ಬರೆದಿಟ್ಟಿದ್ದೀರಾ ಎಂಬ ಪ್ರಶ್ನೆಯನ್ನೇ ಕೇಳಲಿಲ್ಲ. ತೆಗೆದ ಹಳೆಯ ಭಾಗಗಳನ್ನೂ ಕೇಳಿ ಪಡೆಯಲಿಲ್ಲ.

ಮುನ್ಸೂಚನೆಗಳು ಇರಲಿಲ್ಲವೆಂದಲ್ಲ. ಒಮ್ಮೆ ವಿದ್ಯುತ್ ಹೋಗಿ ಕೆಲವೇ ಕ್ಷಣಗಳಲ್ಲಿ ಮರಳಿದಾಗ ರೆಕ್ಟಿಫೈಯರ್ ವಾಲ್ವಿನೊಳಗೆ ಮಿಂಚು ಹೊಡೆದಂತೆ ಬೆಳಕು ಚಿಮ್ಮಿತು. ಫೋನ್ ಮಾಡಿದರೆ ‘ಟ್ಯೂಬ್ ಎಂದಮೇಲೆ ಅದೆಲ್ಲ ಇದ್ದದ್ದೇ’ ಎಂಬ ಉತ್ತರ ಬಂತು. ಔಟ್‌ಪುಟ್ ವಾಲ್ವ್‌ಗಳ ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಾಣುತ್ತಿತ್ತು. ಅದು ನಿರಪಾಯಕಾರಿ ಎಂದು ಅವರು ಹೇಳಿದ್ದು ಸರಿಯೇ ಆಗಿತ್ತು. ಆದರೆ ಆ ಸರಿಯಾದ ಮಾತೇ ನನ್ನನ್ನು ದಾರಿ ತಪ್ಪಿಸಿತು. ಒಂದು ರಾತ್ರಿ ದೀಪ ಆರಿಸಿ ಕೇಳುತ್ತಿದ್ದಾಗ ಎಡಬದಿಯ ಒಂದು ವಾಲ್ವಿನ ಬೂದುಬಣ್ಣದ ಪ್ಲೇಟಿನ (ಗಾಜಿನೊಳಗಿನ ಲೋಹದ ಹೊರಕವಚದ) ಮೇಲೆ ನಾಣ್ಯದಗಲದ ಕೆಂಪು ಕಲೆ ಮೂಡಿದ್ದನ್ನು ಕಂಡು, ಇದೂ ಅಂಥದ್ದೇ ಹೊಳಪೆಂದು ಭಾವಿಸಿ, ರೆಕಾರ್ಡಿನ ಆ ಬದಿ ಮುಗಿಯುವವರೆಗೂ ಹಾಗೆಯೇ ಕುಳಿತೆ. ನೀಲಿ ಬೆಳಕು ಗಾಜಿನದು. ಕೆಂಪು ಬೆಳಕು ಲೋಹವೇ ಕಾದು ಕೆಂಡವಾಗುತ್ತಿರುವುದರ ಗುರುತು. ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿನ ಕಿತ್ತಳೆ ಬೆಳಕು ನಡುವಿನಲ್ಲಿ ಕಾಣುವುದು ಸಹಜ, ಪ್ಲೇಟಿನ ಹೊರಮೈ ಕೆಂಪಾಗುವುದು ಸಹಜವಲ್ಲ. ಹಾಗೆ ಕಂಡರೆ ಹಾಡು ಮುಗಿಯಲೆಂದು ಕಾಯದೆ ಆ ಕ್ಷಣವೇ ಸ್ವಿಚ್ ಆರಿಸಬೇಕು. ನಾನು ಆರಿಸಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸುಟ್ಟ ವಾರ್ನಿಷ್ ವಾಸನೆ ಬಂತು, ಎಡ ಸ್ಪೀಕರ್ ಮೌನವಾಯಿತು.

ಯಂತ್ರವನ್ನು ಮತ್ತೊಬ್ಬ ತಂತ್ರಜ್ಞರಿಗೆ ತೋರಿಸಿದೆ. ಅವರು ಮೊದಲು ಮಾಡಿದ ಕೆಲಸವೆಂದರೆ ಫ್ಯೂಸ್ ಹೊರತೆಗೆದು ನನ್ನ ಅಂಗೈಯಲ್ಲಿಟ್ಟದ್ದು. ಇರಬೇಕಾದದ್ದು 3 ಆಂಪಿಯರಿನ, ನಿಧಾನವಾಗಿ ಕರಗುವ (ಸ್ಲೋ-ಬ್ಲೋ) ಫ್ಯೂಸ್. ಇದ್ದದ್ದು 10 ಆಂಪಿಯರಿನದು. ಇಷ್ಟು ದೊಡ್ಡ ಫ್ಯೂಸ್ ಏಕೆ ಬಂತೆಂಬುದು ಅಡಿಯ ತಟ್ಟೆ ಬಿಚ್ಚಿದಾಗ ತಿಳಿಯಿತು. ಮೂಲ ವಿನ್ಯಾಸದಲ್ಲಿ ರೆಕ್ಟಿಫೈಯರ್ ನಂತರದ ಮೊದಲ ಫಿಲ್ಟರ್ ಕೆಪಾಸಿಟರ್ (ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಭಾಗ) 30 ಮೈಕ್ರೋಫ್ಯಾರಡ್. ಜಿಜೆಡ್34 ವಾಲ್ವಿಗೆ ತಯಾರಕರು ನಿಗದಿಪಡಿಸಿದ ಗರಿಷ್ಠ ಮಿತಿ 60. ನನ್ನ ಯಂತ್ರದಲ್ಲಿ ಆ ಜಾಗದಲ್ಲಿ 220 ಮೈಕ್ರೋಫ್ಯಾರಡ್ ಇತ್ತು. ಕೆಪಾಸಿಟರ್ ದೊಡ್ಡದಾದಷ್ಟೂ ರೆಕ್ಟಿಫೈಯರ್ ಪ್ರತಿ ಆವರ್ತನದಲ್ಲೂ ಇನ್ನಷ್ಟು ಚಿಕ್ಕ ಅವಧಿಯಲ್ಲಿ ಇನ್ನಷ್ಟು ದೊಡ್ಡ ವಿದ್ಯುತ್ತನ್ನು ಒದಗಿಸಬೇಕಾಗುತ್ತದೆ. ವಾಲ್ವ್ ಬಿಸಿಯಾಗಿರುವಾಗಲೇ ಖಾಲಿಯಾದ ದೊಡ್ಡ ಕೆಪಾಸಿಟರನ್ನು ಮತ್ತೆ ತುಂಬಬೇಕಾಗಿ ಬಂದರೆ ಒಳಗೆ ಕಿಡಿ ಹಾರುತ್ತದೆ, ಫ್ಯೂಸ್ ಹೋಗುತ್ತದೆ. ಸರಿಯಾದ ಫ್ಯೂಸ್ ಪದೇ ಪದೇ ಹೋಗುತ್ತಿದ್ದದ್ದಕ್ಕೆ ಕಾರಣ ಹುಡುಕುವ ಬದಲು, ಹೋಗದಂಥ ಫ್ಯೂಸನ್ನು ಹಾಕಲಾಗಿತ್ತು. ನಾನು ಮೆಚ್ಚಿಕೊಂಡಿದ್ದ ಆ ತಗ್ಗಿನ ಸ್ವರದ ಗಟ್ಟಿತನದ ಬೆಲೆ ಇದಾಗಿತ್ತು.

ಆದರೆ ಟ್ರಾನ್ಸ್‌ಫಾರ್ಮರನ್ನು ಸುಟ್ಟ ದೋಷ ಹುಟ್ಟಿದ್ದು ಬೇರೆಡೆ, ಯಾರೂ ಮುಟ್ಟದ ಒಂದು ಭಾಗದಲ್ಲಿ. ಇಎಲ್34 ವಾಲ್ವಿನೊಳಗೆ ವಿದ್ಯುತ್ತಿನ ಹರಿವನ್ನು ನಿಯಂತ್ರಿಸುವ ಗ್ರಿಡ್ಡಿಗೆ ಸದಾ ಋಣ ವೋಲ್ಟೇಜ್, ಅಂದರೆ ಬಯಾಸ್, ಸಿಗುತ್ತಿರಬೇಕು. ಅದು ಕಡಿಮೆಯಾದಂತೆ ವಾಲ್ವಿನ ಮೂಲಕ ಹರಿಯುವ ವಿದ್ಯುತ್ ಏರುತ್ತದೆ. ಈ ಮಾದರಿಯಲ್ಲಿ ಬಯಾಸ್ ಒದಗಿಸುತ್ತಿದ್ದದ್ದು ಒಂದು ಸಣ್ಣ ಸೆಲೆನಿಯಮ್ ರೆಕ್ಟಿಫೈಯರ್. ಸೆಲೆನಿಯಮ್ ವಯಸ್ಸಾದಂತೆ ತನ್ನೊಳಗಿನ ಪ್ರತಿರೋಧವನ್ನು ಹೆಚ್ಚಿಸಿಕೊಳ್ಳುತ್ತದೆ, ಹೊರಬರುವ ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ. ನನ್ನ ಯಂತ್ರದಲ್ಲಿ ಆ ಹಳೆಯ ತುಣುಕೂ ಅದರ ಪಕ್ಕದ ಎರಡು ಒಣಗಿದ ಕೆಪಾಸಿಟರ್‌ಗಳೂ ಇದ್ದಲ್ಲೇ ಇದ್ದವು. ಒಂದು ಸಾಮಾನ್ಯ ಸಿಲಿಕಾನ್ ಡಯೋಡ್, ವೋಲ್ಟೇಜ್ ಸರಿಹೊಂದಿಸಲು ಒಂದು ರೆಸಿಸ್ಟರ್, ಎರಡು ಹೊಸ ಕೆಪಾಸಿಟರ್: ಇಡೀ ಯಂತ್ರದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ತುರ್ತಿನ ಕೆಲಸ ಇನ್ನೊಂದಿರಲಿಲ್ಲ. ಕಣ್ಣಿಗೂ ಕಾಣದ, ಕಿವಿಗೂ ಕೇಳಿಸದ ಕೆಲಸವಾದ್ದರಿಂದ ಅದು ಹಾಗೆಯೇ ಉಳಿಯಿತು. ಈ ಸಂಗತಿ ನನಗೆ ಇಂದಿಗೂ ನೋವು ಕೊಡುತ್ತದೆ.

ಇದರ ಜೊತೆಗೆ ಈ ಮಾದರಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಚಾನೆಲ್ಲಿನ ಎರಡೂ ವಾಲ್ವ್‌ಗಳಿಗೆ ಸೇರಿ ಒಂದೇ 15.6 ಓಮ್ ರೆಸಿಸ್ಟರ್ ಇದ್ದು, ಅದರ ಮೇಲೆ 1.56 ವೋಲ್ಟ್ ಬರುವಂತೆ ಬಯಾಸ್ ತಿರುಗಿಸಬೇಕು. ಅಂದರೆ ಜೋಡಿಗೆ 100 ಮಿಲಿಆಂಪಿಯರ್, ಒಂದೊಂದಕ್ಕೆ 50. ಆದರೆ ವಾಲ್ವ್‌ಗಳು ನಿಜವಾಗಿ ಹೊಂದಿದ ಜೋಡಿಯಾಗಿರದಿದ್ದರೆ ಒಂದು 70, ಇನ್ನೊಂದು 30 ಎಳೆಯುತ್ತಿದ್ದರೂ ಮೀಟರ್ 1.56 ಎಂದೇ ತೋರಿಸುತ್ತದೆ. ಸುಮಾರು 400 ವೋಲ್ಟಿನಲ್ಲಿ 70 ಮಿಲಿಆಂಪಿಯರ್ ಎಂದರೆ 28 ವಾಟ್. ಇಎಲ್34 ಪ್ಲೇಟು ತಡೆದುಕೊಳ್ಳಬಲ್ಲದ್ದು 25 ವಾಟ್. ನನಗೆ ಸಿಕ್ಕ ಜೋಡಿ ಹೊಂದಿರಲಿಲ್ಲ. ಬದುಕುಳಿದ ಬಲ ಚಾನೆಲ್ಲಿನಲ್ಲೇ 2.1 ವೋಲ್ಟ್, ಎಂದರೆ 135 ಮಿಲಿಆಂಪಿಯರಿನಷ್ಟು, ಕಂಡುಬಂತು. ಇಳಿದ ಬಯಾಸ್ ಜೊತೆಗೆ ಹೊಂದದ ಜೋಡಿಯೂ ಸೇರಿದ ಎಡಬದಿಯ ಸ್ಥಿತಿಯನ್ನು ನೀವೇ ಊಹಿಸಬಹುದು. ಕಾದ ವಾಲ್ವ್ ಇನ್ನಷ್ಟು ವಿದ್ಯುತ್ ಎಳೆದು ಇನ್ನಷ್ಟು ಕಾಯುತ್ತದೆ, ಆ ವಿದ್ಯುತ್ತೆಲ್ಲ ಹರಿಯುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿಯ ಸುರುಳಿಯ ಮೂಲಕ. 3 ಆಂಪಿಯರ್ ಫ್ಯೂಸ್ ಇದ್ದಿದ್ದರೆ ಅದು ಮೊದಲು ಹೋಗುವ ಸಾಧ್ಯತೆಯಾದರೂ ಇರುತ್ತಿತ್ತು.

ಕಪ್ಲಿಂಗ್ ಕೆಪಾಸಿಟರ್‌ಗಳನ್ನು ಬದಲಿಸಿದ್ದರ ಬಗ್ಗೆ ನನಗೆ ಆಕ್ಷೇಪವಿಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಹಳೆಯ ಕೆಪಾಸಿಟರ್ ಹಿಂದಿನ ಹಂತದ ಧನ ವೋಲ್ಟೇಜನ್ನು ತಡೆಯದೆ ಸೋರಿಸಿದರೆ ಅದೂ ಬಯಾಸನ್ನು ಕೆಡಿಸಿ ಇದೇ ಅನಾಹುತ ಮಾಡುತ್ತದೆ. ಸೋರಿಕೆಯ ಪ್ರತಿರೋಧ 5 ಮೆಗಾಓಮಿಗೆ ಇಳಿದಿದ್ದು, ಗ್ರಿಡ್ ರೆಸಿಸ್ಟರ್ 270 ಕಿಲೋಓಮ್ ಇದ್ದರೆ, 250 ವೋಲ್ಟಿನಲ್ಲಿ ಸುಮಾರು 13 ವೋಲ್ಟ್ ಗ್ರಿಡ್ಡಿನ ಕಡೆಗೆ ದಾಟುತ್ತದೆ. ಆದರೆ ಹೊಸ ಕೆಪಾಸಿಟರಿಗೆ ಬೇಕಾದ ಗುಣ ಸೋರದಿರುವುದು ಮತ್ತು ಸಾಕಷ್ಟು ವೋಲ್ಟೇಜ್ ತಾಳುವುದು. ಅದಕ್ಕೆ ತೆತ್ತ ದುಬಾರಿ ಬೆಲೆ ನನ್ನ ಯಂತ್ರವನ್ನು ಯಾವ ರೀತಿಯಲ್ಲೂ ಹೆಚ್ಚು ಸುರಕ್ಷಿತವಾಗಿಸಲಿಲ್ಲ.

ಹಾಗಾಗಿ ಯಾರಿಗಾದರೂ ಕೊಡುವ ಮುನ್ನ, ಮೊದಲು ಯಂತ್ರವನ್ನು ಅದರ ಮೂಲ ಸರ್ಕ್ಯೂಟ್ ನಕ್ಷೆಯಲ್ಲಿರುವ ವೋಲ್ಟೇಜ್‌ಗಳಿಗೆ ತಂದು ತೋರಿಸಿ, ಬದಲಾವಣೆಗಳ ಮಾತು ಆಮೇಲೆ ಎಂದು ಸ್ಪಷ್ಟವಾಗಿ ಹೇಳಿ. ಕೆಲಸಕ್ಕೆ ಮೊದಲಿನ ಮತ್ತು ನಂತರದ ಅಳತೆಗಳನ್ನು ಬರಹದಲ್ಲಿ ಕೇಳಿ, ತೆಗೆದ ಪ್ರತಿಯೊಂದು ಭಾಗವನ್ನೂ ಚೀಲಕ್ಕೆ ಹಾಕಿಸಿ ಮರಳಿ ಪಡೆಯಿರಿ, ಫ್ಯೂಸನ್ನು ನಿಮ್ಮ ಕೈಯಾರೆ ತೆಗೆದು ಅದರ ಮೇಲಿನ ಅಂಕಿಯನ್ನು ಓದಿ. ವಾಲ್ವಿನ ಬಗೆಯನ್ನೇ ಬದಲಿಸೋಣ ಎಂದರೆ ಇನ್ನೂ ಎಚ್ಚರವಿರಲಿ. 6ಎಲ್6 ಇದ್ದ ಸಾಕೆಟ್ಟಿಗೆ ಇಎಲ್34 ಸಲೀಸಾಗಿ ಕೂರುತ್ತದೆ, ಆದರೆ ಹೀಟರ್ ವಿದ್ಯುತ್ ಒಂದೊಂದಕ್ಕೂ 0.9ರಿಂದ 1.5 ಆಂಪಿಯರಿಗೆ ಏರಿ ಪವರ್ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬೀಳುತ್ತದೆ. ಒಂದನೆಯ ಪಿನ್ನನ್ನು ಕ್ಯಾಥೋಡಿಗೆ (ವಾಲ್ವಿನಲ್ಲಿ ಎಲೆಕ್ಟ್ರಾನ್ ಹೊರಸೂಸುವ ಭಾಗಕ್ಕೆ) ಸೇರಿಸದಿದ್ದರೆ ಇಎಲ್34 ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ.

ಇದನ್ನೆಲ್ಲ ಓದಿ ತಾವೇ ಅಡಿಯ ತಟ್ಟೆ ಬಿಚ್ಚಲು ಹೊರಟವರಿಗೆ ಒಂದು ಮಾತು: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು, ಒಮ್ಮೆ ಖಾಲಿ ಮಾಡಿದ ನಂತರವೂ ಅದು ತುಸು ಮರಳಿ ಏರುತ್ತದೆ. ಅದನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಿಂದ ಅಳೆದು ಖಚಿತಪಡಿಸಿಕೊಳ್ಳಲು ಬಾರದವರು ದಯವಿಟ್ಟು ಮುಟ್ಟಬೇಡಿ.

ಈ ಮಾದರಿ ಬಹಳ ಮಾರಾಟವಾದದ್ದರಿಂದ ಅದಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರನ್ನು ಈಗಲೂ ತಯಾರಿಸುತ್ತಾರೆ. ಅಪರೂಪದ ಯಂತ್ರವಾಗಿದ್ದರೆ ಸುರುಳಿಯನ್ನು ಹೊಸದಾಗಿ ಸುತ್ತಿಸಬೇಕಾಗುತ್ತಿತ್ತು. ಎರಡನೆಯ ತಂತ್ರಜ್ಞರು ಮೊದಲ ಕೆಪಾಸಿಟರನ್ನು 30 ಮೈಕ್ರೋಫ್ಯಾರಡಿಗೆ ಇಳಿಸಿ, ಬಯಾಸ್ ಭಾಗವನ್ನು ಹೊಸದಾಗಿ ಕಟ್ಟಿ, ಪ್ರತಿ ವಾಲ್ವನ್ನೂ ಬೇರೆಬೇರೆಯಾಗಿ ಅಳೆಯಲು ಒಂದೊಂದು 10 ಓಮ್ ರೆಸಿಸ್ಟರ್ ಹಾಕಿಕೊಟ್ಟಿದ್ದಾರೆ. ಈಗ ತಿಂಗಳಿಗೊಮ್ಮೆ ನಾಲ್ಕೂ ಕಡೆ ಅರ್ಧ ವೋಲ್ಟ್ ಇದೆಯೇ ಎಂದು ನೋಡಿ ಬರೆದಿಡುತ್ತೇನೆ. ಮಾವನವರ ಕಾಲದ ಟ್ರಾನ್ಸ್‌ಫಾರ್ಮರ್ ಬಲಬದಿಯಲ್ಲಿ ಮಾತ್ರ ಉಳಿದಿದೆ.