ಕಬ್ಬಿಣದ ಟೆಸ್ಟ್ ಕಿಟ್: ಬೋರ್‌ವೆಲ್‌ಗೆ ಸರಿ, ಲಕ್ಯಾದ ಹೂಳಿಗೆ ಸಾಲದು

10 ಎಂಎಲ್ ನೀರಿಗೆ ಪುಡಿ ಹಾಕಿ, 3 ನಿಮಿಷ ಬಿಟ್ಟು, ಮೂಡಿದ ಕಿತ್ತಳೆ ಬಣ್ಣವನ್ನು ಕಾರ್ಡಿನ ಪಕ್ಕ ಹಿಡಿದು ನೋಡುವ ಫೆನಾಂಥ್ರೋಲಿನ್ (ಕಬ್ಬಿಣದ ಜೊತೆ ಸೇರಿ ಕಿತ್ತಳೆ ಬಣ್ಣ ಕೊಡುವ ರಾಸಾಯನಿಕ) ಕಿಟ್‌ಗಳು ಬೋರ್‌ವೆಲ್ ನೀರಿಗೆ ಹೇಳಿಮಾಡಿಸಿದಂತಿವೆ. ಅದಿರು ಸಂಸ್ಕರಿಸಿದ ಹೂಳು ನಿಂತ ಜಲಾಶಯಕ್ಕೆ ಇದೊಂದನ್ನೇ ನೆಚ್ಚಿಕೊಂಡರೆ ಮೋಸಹೋಗುತ್ತೀರಿ.

ಕುದುರೆಮುಖದ ಕಬ್ಬಿಣದ ಗಣಿಯ ಹೂಳು ಹಿಡಿದಿಡಲು ಕಟ್ಟಿದ ಲಕ್ಯಾ ಅಣೆಕಟ್ಟನ್ನೇ ನೋಡಿ. ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಮ್ಯಾಗ್ನೆಟೈಟ್ (ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು) ತೆಗೆದು ಉಳಿದ ನುಣುಪು ಹೂಳು ಮಾತ್ರ ಅಲ್ಲೇ ಇದೆ. ಅದರಲ್ಲಿ ಬಹುಪಾಲು ಸಿಲಿಕಾ, ಜೊತೆಗೆ ಸಂಸ್ಕರಣೆಯಲ್ಲಿ ತಪ್ಪಿಸಿಕೊಂಡ ಕಬ್ಬಿಣದ ಆಕ್ಸೈಡ್. ಈ ಕಣಗಳು ನೀರಲ್ಲಿ ಕರಗುವುದಿಲ್ಲ. ಕಿಟ್ ಹಿಡಿಯುವುದು ಮುಖ್ಯವಾಗಿ ಕರಗಿದ ಕಬ್ಬಿಣವನ್ನು. ಹಾಗಾಗಿ ಕೆಸರು ಕದಡಿದ ನೀರಿಗೂ ಅದು ತೀರ ಕಡಿಮೆ ಅಂಕಿ ತೋರಿಸಬಹುದು, ಅಥವಾ ಕೆಸರಿನ ಬಣ್ಣವನ್ನೇ ಕಬ್ಬಿಣವೆಂದು ಓದುವಂತೆ ಮಾಡಬಹುದು. ಪುಡಿ ಹಾಕದ ಅದೇ ನೀರನ್ನು ಇನ್ನೊಂದು ಟ್ಯೂಬಿನಲ್ಲಿ ಪಕ್ಕಕ್ಕಿಟ್ಟುಕೊಳ್ಳದೆ ಬಣ್ಣ ಹೋಲಿಸಲೇಬೇಡಿ. ಎಷ್ಟೋ ಕಿಟ್‌ಗಳ ಸೂಚನೆಯಲ್ಲಿ ಈ ಮಾತು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅದು ಮೊದಲ ಸಾಲಾಗಬೇಕಿತ್ತು.

ಆಳದ ನೀರಿನ ಕಥೆ ಬೇರೆ. ಆಮ್ಲಜನಕವಿಲ್ಲದ ತಳದಲ್ಲಿ ಕಬ್ಬಿಣ ಫೆರಸ್ ರೂಪದಲ್ಲಿ ಕರಗಿರುತ್ತದೆ. ಮೇಲೆ ತಂದು ಗಾಳಿಗೆ ಬಿಟ್ಟರೆ ಸ್ವಲ್ಪ ಹೊತ್ತಿಗೇ ಕಂದು ಗಸಿಯಾಗಿ ಕೂರುತ್ತದೆ, ಅಷ್ಟರಲ್ಲಿ ಲೆಕ್ಕ ತಪ್ಪಿರುತ್ತದೆ. ಬಾಟಲಿಯನ್ನು ಬಾಯಿತನಕ ತುಂಬಿಸಿ, ದಡದಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, 100 ಎಂಎಲ್‌ಗೆ 2 ಎಂಎಲ್ ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ. ಕೈಗವಸು, ಕನ್ನಡಕ ಬೇಕೇ ಬೇಕು. ಒಟ್ಟು ಕಬ್ಬಿಣ ಬೇಕಿದ್ದರೆ ಸೋಸದ ಮಾದರಿಯನ್ನು ಲ್ಯಾಬಿಗೆ ಕೊಡಿ. ಮ್ಯಾಗ್ನೆಟೈಟ್ ಕರಗಲು ಬಿಸಿ ಆಮ್ಲವೇ ಬೇಕು, ಕಿಟ್ಟಿನ ಪುಡಿಗೆ ಅದು ಬಗ್ಗುವುದಿಲ್ಲ.

ಕಿಟ್ಟಿಗಿಂತ ಮೊದಲು ನೀರು ಎಷ್ಟು ಕದಡಿದೆ ಎಂದು ಅಳೆಯುವ ಟರ್ಬಿಡಿಟಿ ಮೀಟರ್ ಕೊಳ್ಳಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಹೇಳುವ ಮಿತಿ 1 ಎನ್‌ಟಿಯು (ಕದಡುವಿಕೆಯ ಅಳತೆಯ ಮಾನ), ಬೇರೆ ಮೂಲವೇ ಇಲ್ಲದಾಗ 5. ಜೊತೆಗೊಂದು ಬಲವಾದ ಆಯಸ್ಕಾಂತ ಇರಲಿ: ಹೂಳು ಕದಡಿದ ಬಾಟಲಿಯ ಹೊರಗೆ ಹಿಡಿದು ನಿಧಾನ ಮೇಲೆ ಎಳೆಯಿರಿ. ಗಾಜಿನ ಒಳಗೋಡೆಗೆ ಕಪ್ಪು ಕಣಗಳು ಗಡ್ಡದಂತೆ ಕಟ್ಟಿಕೊಂಡು ಹಿಂಬಾಲಿಸಿದರೆ ಅದು ಮ್ಯಾಗ್ನೆಟೈಟ್ ಎನ್ನಲು ಬಲವಾದ ಸುಳಿವು. ಕಬ್ಬಿಣದ ಇನ್ನೊಂದು ಆಕ್ಸೈಡ್ ಆದ ಹೆಮಟೈಟ್ ಹೀಗೆ ಅಂಟುವುದಿಲ್ಲ, ಆದ್ದರಿಂದ ಏನೂ ಅಂಟದಿದ್ದರೆ ಕಬ್ಬಿಣವಿಲ್ಲ ಎಂದು ಬರೆದುಕೊಳ್ಳಬೇಡಿ.