ಕ್ರಿಮಿನಲ್ ಮೇಲ್ಮನವಿಗೆ ಮಂಗಳೂರಿನ ಒಂದು ವಕೀಲರ ಕಚೇರಿ

ಹಲ್ಲೆ ಪ್ರಕರಣವೊಂದರಲ್ಲಿ ನನ್ನ ಭಾವನಿಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಒಂದು ವರ್ಷದ ಸಜೆ ವಿಧಿಸಿದಾಗ, ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು ನಾವು ಹೋದದ್ದು ಕರಂಗಲ್ಪಾಡಿ ಸಮೀಪದ ವಕೀಲರ ಕಚೇರಿಯೊಂದಕ್ಕೆ. ವಕೀಲರು ಜಾಹೀರಾತು ಮಾಡಿಕೊಳ್ಳಬಾರದೆಂಬ ನಿಯಮವಿರುವುದರಿಂದ ಹೆಸರು ಬರೆಯದೆ, ಕೆಲಸದ ರೀತಿಯನ್ನಷ್ಟೇ ಹೇಳುತ್ತೇನೆ.

ಶಿಕ್ಷೆ ನಿಂತಿದ್ದುದು ಒಬ್ಬನೇ ಪ್ರತ್ಯಕ್ಷ ಸಾಕ್ಷಿಯ ಮಾತಿನ ಮೇಲೆ. ಒಬ್ಬನನ್ನು ನಂಬಿ ಶಿಕ್ಷೆ ಕೊಡುವುದೆಂದರೇನು ಎಂಬುದು ಮನೆಯವರೆಲ್ಲರ ತಕರಾರು. ಕೊಡಬಹುದು, ಸಾಕ್ಷಿಗಳು ಇಂತಿಷ್ಟೇ ಇರಬೇಕೆಂದು ಕಾನೂನು ಹೇಳುವುದಿಲ್ಲ, ವಡಿವೇಲು ತೇವರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1957ರಲ್ಲೇ ಇದನ್ನು ಸ್ಪಷ್ಟಪಡಿಸಿದೆ ಎಂದು ಹಿರಿಯ ವಕೀಲರು ಮೊದಲ ಭೇಟಿಯಲ್ಲೇ ಹೇಳಿದರು. ಫೀಸಿನ ಮಾತಿಗೂ ಮೊದಲು ಬಂದ ಈ ನೇರ ಮಾತು ನನಗೆ ಹಿಡಿಸಿತು.

ನಿಜವಾಗಿ ಮೆಚ್ಚಬೇಕಾದದ್ದು ಆಮೇಲಿನ ಕೆಲಸ. ಸಾಕ್ಷಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನೂ ನ್ಯಾಯಾಲಯದಲ್ಲಿ ನುಡಿದದ್ದನ್ನೂ ಒಂದೇ ಹಾಳೆಯಲ್ಲಿ ಎದುರುಬದುರಾಗಿ ಬರೆದು, ಗಂಟೆ ಎಂಟೋ ಎಂಟೂವರೆಯೋ, ದೊಣ್ಣೆ ಹಿಡಿದದ್ದು ಎಡಗೈಯೋ ಬಲಗೈಯೋ ಎಂಬಂಥವುಗಳ ಮೇಲೆ ಗೀಟೆಳೆದು, ಇಷ್ಟು ಹೆಚ್ಚುಕಡಿಮೆಗೆಲ್ಲ ಸಾಕ್ಷ್ಯ ಬೀಳುವುದಿಲ್ಲವೆಂದರು. ಉಳಿದದ್ದು ಒಂದೇ: ಬೀದಿದೀಪದ ಬೆಳಕಿನಲ್ಲಿ ಮುಖ ಕಂಡೆನೆಂಬ ಮಾತು ಪೊಲೀಸ್ ಹೇಳಿಕೆಯಲ್ಲಿ ಎಲ್ಲೂ ಇರಲಿಲ್ಲ. ಆದರೆ ಇಂಥ ಮುಖ್ಯ ಲೋಪವನ್ನು ಪಾಟಿಸವಾಲಿನಲ್ಲಿ ಸಾಕ್ಷಿಯ ಮುಂದಿಟ್ಟು, ಬಳಿಕ ತನಿಖಾಧಿಕಾರಿಯ ಬಾಯಿಂದಲೂ ಸಾಬೀತುಪಡಿಸಿರಬೇಕು. ಹಾಗಾಗಿದೆಯೇ ಎಂದು ಕಿರಿಯ ವಕೀಲೆಯೊಬ್ಬರು ಇಡೀ ಕಡತವನ್ನು ಜಾಲಾಡಿದರು. ಆಗಿತ್ತು, ಅದೂ ತನಿಖಾಧಿಕಾರಿಯ ಪಾಟಿಸವಾಲಿನ ಕೊನೆಯ ಸಾಲುಗಳಲ್ಲಿ. ಮೇಲ್ಮನವಿಯ ಮುಖ್ಯ ಆಧಾರ ಅದೇ ಆಯಿತು. 30 ದಿನಗಳ ಗಡುವಿನೊಳಗೆ ಅದು ಸಲ್ಲಿಕೆಯಾಗಿ, ಶಿಕ್ಷೆಯ ಅಮಾನತೂ ಜಾಮೀನೂ ಸಿಕ್ಕಿವೆ. ಅಂತಿಮ ವಾದ ಬಾಕಿಯಿದೆ.

ಕೊರತೆಗಳೂ ಇವೆ. ವಕಾಲತ್ತಿಗೆ ಸಹಿ ಹಾಕುವಾಗ ಹೇಳಿದ ಫೀಸಿನಲ್ಲಿ ದೃಢೀಕೃತ ನಕಲುಗಳ ಹಾಗೂ ಟೈಪಿಂಗಿನ ಖರ್ಚು ಸೇರಿರಲಿಲ್ಲ, ರಸೀದಿಯನ್ನು ಕೇಳಿಯೇ ಪಡೆಯಬೇಕು. ವಾಯಿದೆ ಮುಂದೆ ಹೋದ ಸುದ್ದಿಯನ್ನು ಗುಮಾಸ್ತರು ತಿಳಿಸುತ್ತಾರೆಂದು ಕಾಯುವುದಕ್ಕಿಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿಕೊಳ್ಳುವುದೇ ವಾಸಿ. ಇಷ್ಟು ಖರ್ಚು ಭರಿಸಲಾಗದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಆದಾಯ ನೋಡದೆ ಅಲ್ಲಿ ಉಚಿತವಾಗಿ ವಕೀಲರನ್ನು ಒದಗಿಸುತ್ತಾರೆ.

ಈ ಕಚೇರಿಗೆ ಹೋಗುವವರು ತೀರ್ಪಿನ ಪ್ರತಿಯೊಂದಿಗೆ ದೋಷಾರೋಪ ಪಟ್ಟಿಯನ್ನೂ ಎಲ್ಲ ಸಾಕ್ಷಿಗಳ ಹೇಳಿಕೆಗಳನ್ನೂ ಒಯ್ಯಬೇಕು. ಅವನ್ನು ಓದದೆ ಅವರು ಗೆಲುವು ಸೋಲಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ.