ಟಿಮ್ ಡಂಕನ್ ಆಟವನ್ನು ಪೂರ್ತಿಯಾಗಿ ನೋಡಿ: ಹಳೆಯ ಪಂದ್ಯಗಳ ಸ್ಟ್ರೀಮಿಂಗ್ ಬಗ್ಗೆ ನನ್ನ ಅನುಭವ

ಟಿಮ್ ಡಂಕನ್ ಹೈಲೈಟ್ಸ್‌ನಲ್ಲಿ ಸಿಗುವ ಬ್ಯಾಸ್ಕೆಟ್‌ಬಾಲ್ ಆಟಗಾರ ಅಲ್ಲ. ಎಷ್ಟೋ ವರ್ಷದಿಂದ ಅವರೇ ನನ್ನ ಮೆಚ್ಚಿನ ಆಟಗಾರ ಅಂತ ಹೇಳಿಕೊಂಡು ಬಂದಿದ್ದೇನೆ, ಆದರೆ ನಾನು ನೋಡಿದ್ದೆಲ್ಲ ಐದು ನಿಮಿಷ, ಹತ್ತು ನಿಮಿಷದ ತುಣುಕುಗಳು. ಮೂರು ತಿಂಗಳ ಹಿಂದೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹಳೆಯ ಪಂದ್ಯಗಳನ್ನು ಪೂರ್ತಿ ತೋರಿಸುವ ಒಂದು ಸ್ಟ್ರೀಮಿಂಗ್ ಸೇವೆಗೆ ಸೇರಿಕೊಂಡೆ. 1999ರ ಫೈನಲ್ಸ್‌ನಿಂದ (ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಚಾಂಪಿಯನ್‌ಶಿಪ್ ಸಿಗುವ ಸರಣಿ) 2016ರ ಕೊನೆಯ ಪಂದ್ಯದವರೆಗೆ, ವರ್ಷದ ಕ್ರಮದಲ್ಲೇ, ಅವರ ಹದಿನಾಲ್ಕು ಪಂದ್ಯ ನೋಡಿದೆ. ಸೇವೆಯ ಹೆಸರು ಬರೆಯುತ್ತಿಲ್ಲ. ಇಂಥದ್ದನ್ನು ತೆಗೆದುಕೊಳ್ಳುವಾಗ ಏನೇನು ನೋಡಿಕೊಳ್ಳಬೇಕು ಅನ್ನುವುದು ಗೊತ್ತಾದರೆ ಸಾಕು.

ಮೊದಲು ಚೆನ್ನಾಗಿರುವುದು. ಪಂದ್ಯದ ನಡುವಿನ ಜಾಹೀರಾತನ್ನೆಲ್ಲ ಕತ್ತರಿಸಿದ್ದಾರೆ, ಹಾಗಾಗಿ ಎರಡು ಗಂಟೆಯ ಒಳಗೇ ಒಂದು ಪಂದ್ಯ ಮುಗಿಯುತ್ತದೆ. ಕ್ವಾರ್ಟರ್‌ಗೆ, ಅಂದರೆ ಪಂದ್ಯದ ಕಾಲುಭಾಗಕ್ಕೆ, ಒಂದರಂತೆ ಗುರುತು ಇದೆ, ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗಬಹುದು. ಅವತ್ತಿನ ಕಾಮೆಂಟರಿಯನ್ನೇ ಉಳಿಸಿದ್ದಾರೆ. ಇದು ಬಹಳ ಮುಖ್ಯ. ಮುಂದೆ ಏನಾಗುತ್ತದೆ ಅಂತ ಗೊತ್ತಿಲ್ಲದವರ ದನಿಯಲ್ಲಿ ಪಂದ್ಯ ಕೇಳುವುದೇ ಬೇರೆ.

1999ರ ಫೈನಲ್ಸ್‌ನಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ವಿರುದ್ಧದ ಐದನೇ ಪಂದ್ಯದಿಂದ ಶುರು ಮಾಡಿದೆ. ಹಳೆಯ ಟಿವಿಯ ಚೌಕ ಚಿತ್ರ, ಎರಡೂ ಕಡೆ ಕಪ್ಪು ಪಟ್ಟಿ, ದೂರದಿಂದ ತೋರಿಸಿದಾಗ ಜರ್ಸಿಯ ನಂಬರ್ ಓದುವುದೇ ಕಷ್ಟ. ಆದರೆ 21ನೇ ನಂಬರ್ ಯಾರದು ಅಂತ ಓದುವ ಅಗತ್ಯವೇ ಬರಲಿಲ್ಲ, ನಿಂತ ಭಂಗಿಯಲ್ಲೇ ಗೊತ್ತಾಗುತ್ತದೆ. ಆಗ ಅವರದು ಎರಡನೇ ಸೀಸನ್ ಅಷ್ಟೇ. ಕೆರಿಬಿಯನ್‌ನ ಸೇಂಟ್ ಕ್ರೋಯಿ ದ್ವೀಪದ ಹುಡುಗ, ಮೊದಲು ಈಜುಗಾರ. 1989ರಲ್ಲಿ ಹ್ಯೂಗೋ ಚಂಡಮಾರುತ ಆ ಊರಿನ ದೊಡ್ಡ ಈಜುಕೊಳವನ್ನು ಹಾಳು ಮಾಡಿದ ಮೇಲೆ ಬ್ಯಾಸ್ಕೆಟ್‌ಬಾಲ್ ಕಡೆ ಬಂದವರು. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಪೂರ್ತಿ ಓದಿ, ಆಮೇಲೆ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ 1997ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯಾಗಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಹೋದರು. ತಡವಾಗಿ ಆಟ ಕಲಿತವರ ಹಾಗೆ ಒಂದು ಕ್ಷಣವೂ ಕಾಣುವುದಿಲ್ಲ. ಆ ಪಂದ್ಯದಲ್ಲಿ 31 ಪಾಯಿಂಟ್, ಸ್ಪರ್ಸ್ ಗೆದ್ದಿದ್ದು 78-77ರಲ್ಲಿ, ಫೈನಲ್ಸ್ ಎಂವಿಪಿ, ಅಂದರೆ ಸರಣಿಯ ಅತ್ಯುತ್ತಮ ಆಟಗಾರ, ಅವರೇ.

ಅವರ ಬ್ಯಾಂಕ್ ಶಾಟ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹೈಲೈಟ್ಸ್‌ನಲ್ಲಿ ಚೆಂಡು ಬೋರ್ಡಿಗೆ ಬಡಿದು ಒಳಗೆ ಬೀಳುವುದಷ್ಟೇ ಕಾಣುತ್ತದೆ, ಅದರ ಹಿಂದಿನ ಮೂರು ಸೆಕೆಂಡ್ ಕಾಣುವುದೇ ಇಲ್ಲ. ನಾನು ಅದನ್ನು ನಿಧಾನ ಮಾಡಿ, ಹಿಂದೆ ಮುಂದೆ ಓಡಿಸಿ ನೋಡಿದೆ. ಬುಟ್ಟಿಯ ಎಡಬದಿಯಲ್ಲಿ ಬೆನ್ನು ಕೊಟ್ಟು ನಿಂತು ಚೆಂಡು ಕೇಳುತ್ತಾರೆ. ಚೆಂಡು ಕೈಗೆ ಬಂದ ಮೇಲೆ ಅವಸರವೇ ಇಲ್ಲ. ತಿರುಗಿ ಎದುರಾಳಿಗೆ ಮುಖ ಕೊಡುತ್ತಾರೆ, ಒಂದು ಕಾಲನ್ನು ಚೂರೇ ಚೂರು ಮುಂದೆ ಇಡುತ್ತಾರೆ, ಎದುರಿನವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ, ಆ ಅರ್ಧ ಹೆಜ್ಜೆ ಸಾಕು. ಚೆಂಡು ಹೋಗಿ ಬೋರ್ಡಿನ ಮೇಲಿನ ಚೌಕದ ಅಂಚಿಗೆ ತಾಗುತ್ತದೆ. ಎಲ್ಲರಿಗೂ ಗೊತ್ತು ಇದೇ ಬರುತ್ತೆ ಅಂತ. ಆದರೂ ತಡೆಯಲು ಆಗುತ್ತಿರಲಿಲ್ಲ. ಲೇಕರ್ಸ್ ತಂಡದಲ್ಲಿದ್ದ ಶಕೀಲ್ ಓನೀಲ್, ಡಂಕನ್‌ಗೆ 'ಬಿಗ್ ಫಂಡಮೆಂಟಲ್' ಅಂತ ಹೆಸರಿಟ್ಟಿದ್ದು ಇದಕ್ಕೇ, ಮೂಲಪಾಠವನ್ನೇ ಇಷ್ಟು ಗಟ್ಟಿಯಾಗಿ ಆಡುವವರು ಬೇರೆ ಯಾರಿದ್ದರು ಹೇಳಿ.

ಈಗ ಸೇವೆಯ ತೊಂದರೆಗಳು. ಆಟಗಾರನ ಹೆಸರು ಹಾಕಿ ಹುಡುಕಲು ಆಗುವುದಿಲ್ಲ, ಸೀಸನ್ ಮತ್ತು ತಂಡದ ಮೂಲಕವೇ ಹೋಗಬೇಕು. ಯಾವ ಪಂದ್ಯ ಯಾವತ್ತು ನಡೆಯಿತು ಅಂತ ಮೊದಲೇ ಗೊತ್ತಿಲ್ಲದಿದ್ದರೆ ಅರ್ಧ ಸಂಜೆ ಹುಡುಕುವುದರಲ್ಲೇ ಹೋಗುತ್ತದೆ. ಪಟ್ಟಿಯಲ್ಲೇ ಫಲಿತಾಂಶ ಬರೆದಿರುತ್ತಾರೆ. ಮರೆಮಾಡುವ ಆಯ್ಕೆ ಇದೆ, ಆದರೆ ಅದು ಸೆಟ್ಟಿಂಗ್ಸ್‌ನ ಒಳಗೆಲ್ಲೋ ಇದೆ, ಎರಡು ವಾರ ಆದ ಮೇಲೆ ಸಿಕ್ಕಿತು. ಅರ್ಧಕ್ಕೆ ನಿಲ್ಲಿಸಿ ಮಾರನೇ ದಿನ ತೆರೆದರೆ ಒಮ್ಮೊಮ್ಮೆ ಮತ್ತೆ ಮೊದಲಿಂದ ಶುರುವಾಗುತ್ತದೆ, ಇದು ನನಗೆ ನಿಜಕ್ಕೂ ಸಿಟ್ಟು ತರಿಸಿತು. ಸೀಸನ್‌ನ ಮಾಮೂಲಿ ಪಂದ್ಯಗಳು ಬಹಳ ಕಡಿಮೆ ಇವೆ, ಸೀಸನ್ ಮುಗಿದ ಮೇಲೆ ಮುಂದಿರುವ ತಂಡಗಳು ಆಡುವ ಪ್ಲೇಆಫ್ಸ್ ಮಾತ್ರ ಧಾರಾಳ. ಡಂಕನ್ ಆಡಿದ 19 ಸೀಸನ್‌ನಲ್ಲೂ ಸ್ಪರ್ಸ್ ಪ್ಲೇಆಫ್ಸ್‌ಗೆ ಹೋಗಿತ್ತು, ಹಾಗಾಗಿ ಅವರ ಅಭಿಮಾನಿಗಳಿಗೆ ಕೊರತೆ ಆಗುವುದಿಲ್ಲ.

ಒಂದೇ ಒಂದು ಪಂದ್ಯ ನೋಡುತ್ತೀರಿ ಅಂದರೆ 2003ರ ಫೈನಲ್ಸ್‌ನ ಆರನೇ ಪಂದ್ಯ ನೋಡಿ, ನ್ಯೂಜೆರ್ಸಿ ನೆಟ್ಸ್ ವಿರುದ್ಧದ್ದು. 21 ಪಾಯಿಂಟ್, 20 ರಿಬೌಂಡ್ (ತಪ್ಪಿ ಮರಳಿದ ಚೆಂಡು ಹಿಡಿಯುವುದು), 10 ಅಸಿಸ್ಟ್ (ಪಾಯಿಂಟ್ ತಂದ ಪಾಸ್), 8 ಬ್ಲಾಕ್ (ಎದುರಾಳಿಯ ಶಾಟ್ ತಡೆಯುವುದು). ಈ ಅಂಕಿಗಳು ನನಗೆ ಬಾಯಿಪಾಠ ಇದ್ದವು, ಆದರೆ ಅವು ಹೇಗೆ ಬಂದವು ಅಂತ ಈಗಲೇ ನೋಡಿದ್ದು. ನಾಲ್ಕನೇ ಕ್ವಾರ್ಟರ್‌ನಲ್ಲಿ ಸ್ಪರ್ಸ್ ಹಿಂದೆ ಬಿದ್ದಿರುತ್ತದೆ. ಅಲ್ಲಿಂದ ಸತತ 19 ಪಾಯಿಂಟ್, ನೆಟ್ಸ್‌ಗೆ ಒಂದೂ ಇಲ್ಲ. ಆ ಹೊತ್ತಿನಲ್ಲಿ ಡಂಕನ್ ಕೂಗಾಡುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಇಬ್ಬರು ಬಂದು ಸುತ್ತುವರಿದರೆ ಖಾಲಿ ಇರುವವನಿಗೆ ಪಾಸ್ ಕೊಡುತ್ತಾರೆ, ತಕ್ಷಣ ತಿರುಗಿ ಓಡಿ ಇನ್ನೊಂದು ತುದಿಯಲ್ಲಿ ಬುಟ್ಟಿಯ ಕೆಳಗೆ ನಿಂತಿರುತ್ತಾರೆ. ಜೊತೆ ಆಟಗಾರ ಡೇವಿಡ್ ರಾಬಿನ್ಸನ್‌ಗೆ ಅದು ಕೊನೆಯ ಪಂದ್ಯ, ಅವರೂ 17 ರಿಬೌಂಡ್ ಹಿಡಿದರು. ಇಬ್ಬರು ಉದ್ದನೆಯವರು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಆಡುವುದನ್ನು ನೋಡುತ್ತಾ ನನ್ನ ಕಣ್ಣು ಒದ್ದೆಯಾಯಿತು.

2004ರ ಪ್ಲೇಆಫ್ಸ್‌ನಲ್ಲಿ ಲೇಕರ್ಸ್ ವಿರುದ್ಧದ ಐದನೇ ಪಂದ್ಯ ಎಲ್ಲರಿಗೂ ಗೊತ್ತು. ಬರೀ 0.4 ಸೆಕೆಂಡ್ ಉಳಿದಿದ್ದಾಗ ಲೇಕರ್ಸ್‌ನ ಡೆರೆಕ್ ಫಿಶರ್ ಹಾಕಿದ ಶಾಟ್, ಲೇಕರ್ಸ್‌ಗೆ 74-73. ಆ ತುಣುಕು ಎಲ್ಲೆಲ್ಲೂ ಇದೆ. ಆದರೆ ಗಡಿಯಾರ 0.4ಕ್ಕೆ ಬಂದು ನಿಂತಿದ್ದು ಹೇಗೆ? ಅದರ ಹಿಂದಿನ ಕ್ಷಣದಲ್ಲಿ ಡಂಕನ್, ಶಕೀಲ್ ಮೈಮೇಲೆ ಇರುವಾಗಲೇ, ದೂರದಿಂದ, ಬೀಳುತ್ತಾ ಬೀಳುತ್ತಾ ಎಸೆದ ಚೆಂಡು ಬುಟ್ಟಿಗೆ ಬಿದ್ದು ಸ್ಪರ್ಸ್ 73-72 ಆಗಿತ್ತು. ಅವರ ಬದುಕಿನ ಅತಿ ಕಷ್ಟದ ಶಾಟ್‌ಗಳಲ್ಲಿ ಅದೂ ಒಂದು ಅಂತ ನನ್ನ ಲೆಕ್ಕ, ಅರ್ಧ ಸೆಕೆಂಡ್ ಕೂಡ ಅದಕ್ಕೆ ಆಯುಸ್ಸು ಸಿಗಲಿಲ್ಲ. ಪೂರ್ತಿ ಪಂದ್ಯ ನೋಡಿದವರಿಗೆ ಮಾತ್ರ ಆ ಹೊಟ್ಟೆಉರಿ ಅರ್ಥವಾಗುತ್ತದೆ.

2008ರ ಪ್ಲೇಆಫ್ಸ್‌ನಲ್ಲಿ ಫೀನಿಕ್ಸ್ ಸನ್ಸ್ ವಿರುದ್ಧದ ಮೊದಲ ಪಂದ್ಯ ಇದಕ್ಕೆ ಉಲ್ಟಾ. ಇಡೀ ಸೀಸನ್‌ನಲ್ಲಿ ಒಂದೂ ಥ್ರೀ ಪಾಯಿಂಟರ್ (ದೂರದಿಂದ ಹಾಕುವ ಮೂರು ಪಾಯಿಂಟ್‌ನ ಶಾಟ್) ಹಾಕದವರು ಮೊದಲ ಓವರ್‌ಟೈಮ್‌ನ ಕೊನೆಯಲ್ಲಿ ಒಂದು ಹಾಕಿ ಪಂದ್ಯ ಸಮ ಮಾಡಿದರು. ಎರಡನೇ ಓವರ್‌ಟೈಮ್‌ನಲ್ಲಿ ಸ್ಪರ್ಸ್ ಗೆದ್ದಿತು. ಸುಮ್ನೆ ಖುಷಿಗೆ ನೋಡಬಹುದಾದ ಪಂದ್ಯ.

2013ರ ಫೈನಲ್ಸ್‌ನ ಮಯಾಮಿ ಹೀಟ್ ವಿರುದ್ಧದ ಪಂದ್ಯಗಳನ್ನು ನೋಡಲು ಮನಸ್ಸೇ ಇರಲಿಲ್ಲ, ಆದರೂ ನೋಡಿದೆ. ಆರನೇ ಪಂದ್ಯದ ಮೊದಲ ಅರ್ಧದಲ್ಲೇ ಡಂಕನ್‌ಗೆ 25 ಪಾಯಿಂಟ್, ಆಗ ಅವರಿಗೆ 37 ವರ್ಷ. ಕೊನೆಗೆ ಮಯಾಮಿಯ ರೇ ಆಲನ್ ಮೂಲೆಯಿಂದ ಥ್ರೀ ಹಾಕಿ ಸಮ ಮಾಡುವಾಗ ಕೋಚ್ ಪಾಪೊವಿಚ್ ಡಂಕನ್‌ರನ್ನು ಬೆಂಚಿನಲ್ಲಿ ಕೂರಿಸಿದ್ದರು. ಏಳನೇ ಪಂದ್ಯದಲ್ಲಿ ಕೊನೇ ನಿಮಿಷದೊಳಗೆ ಮಯಾಮಿಯ ಶೇನ್ ಬ್ಯಾಟಿಯರ್ ಎದುರು ಒಂದು ಸುಲಭದ ಶಾಟ್ ತಪ್ಪಿತು, ಮರಳಿ ಬಂದ ಚೆಂಡನ್ನು ತಟ್ಟಿದ್ದೂ ತಪ್ಪಿತು. ಮರುಕ್ಷಣ ಬಗ್ಗಿ ಎರಡೂ ಅಂಗೈಯಿಂದ ನೆಲಕ್ಕೆ ಬಡಿದರು. ಹದಿನಾಲ್ಕು ಪಂದ್ಯದಲ್ಲಿ ಅವರು ಹಾಗೆ ಮಾಡಿದ್ದು ಅದೊಂದೇ ಸಲ ನಾನು ಕಂಡಿದ್ದು. ಇಪ್ಪತ್ತೈದು ಗಂಟೆ ಅವರ ಶಾಂತ ಮುಖ ನೋಡಿಯಾದ ಮೇಲೆ ಆ ಎರಡು ಸೆಕೆಂಡ್ ನೋಡಿದರೆ ಎದೆಗೆ ತಟ್ಟುತ್ತದೆ. ಅದಕ್ಕೇ ವರ್ಷದ ಕ್ರಮದಲ್ಲೇ ನೋಡಿ ಅನ್ನುತ್ತೇನೆ. 2014ರಲ್ಲಿ ಅದೇ ಮಯಾಮಿಯನ್ನು 4-1ರಲ್ಲಿ ಸೋಲಿಸಿ ಐದನೇ ಚಾಂಪಿಯನ್‌ಶಿಪ್ ಗೆದ್ದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ, ಫಲಿತಾಂಶ ಹತ್ತು ವರ್ಷದಿಂದ ಗೊತ್ತಿದ್ದರೂ.

ಹೊಸ ವರ್ಷಗಳ ಚಿತ್ರ ಸ್ಪಷ್ಟವಾಗಿದೆ, ಅದರ ಬಗ್ಗೆ ದೂರಿಲ್ಲ. ದೊಡ್ಡ ಪರದೆಯಲ್ಲಿ ನೋಡಿ, ಫೋನಿನಲ್ಲಿ ಬೇಡ. ಚೆಂಡು ಇಲ್ಲದ ಕಡೆ ಡಂಕನ್ ಏನು ಮಾಡುತ್ತಿದ್ದಾರೆ ಅನ್ನುವುದು ಚಿಕ್ಕ ಪರದೆಯಲ್ಲಿ ಕಾಣುವುದಿಲ್ಲ. ಜೊತೆ ಆಟಗಾರ ಟೋನಿ ಪಾರ್ಕರ್‌ಗೆ ದಾರಿ ಮಾಡಲು ಎದುರಾಳಿಗೆ ಅಡ್ಡ ನಿಂತು ಹಾಕುವ ಸ್ಕ್ರೀನ್, ಡಿಫೆನ್ಸ್‌ನಲ್ಲಿ ಕೈಸನ್ನೆ ಮಾಡಿ ಉಳಿದವರನ್ನು ನಿಲ್ಲಿಸುವುದು, ಎದುರಾಳಿ ಎಸೆಯುವ ಹಾಗೆ ನಟಿಸಿದರೂ ಎಗರದೆ ಕೈ ಮೇಲೆತ್ತಿ ಕಾಯುವುದು, ಇವೇ ಅವರ ಆಟ ಅಲ್ವಾ? ಪ್ಲೇಆಫ್ಸ್ ಬಿಟ್ಟು ಒಂದೇ ತಂಡಕ್ಕೆ 1,392 ಪಂದ್ಯ ಆಡಿ 1,001 ಗೆದ್ದಿದ್ದು ಇದರಿಂದಲೇ.

ಕೊನೆಯದು 2016ರ ಮೇ 12, ಓಕ್ಲಹೋಮ ಸಿಟಿಯಲ್ಲಿ ಸೋತ ಪಂದ್ಯ. ಡಂಕನ್ 19 ಪಾಯಿಂಟ್ ಹಾಕಿದರು. ಮುಗಿದ ಮೇಲೆ ಒಂದು ಬೆರಳು ಮೇಲೆತ್ತಿ ಒಳಗೆ ನಡೆದರು. ಬೀಳ್ಕೊಡುಗೆ ಪ್ರವಾಸ ಇಲ್ಲ, ಭಾಷಣ ಇಲ್ಲ. ಜುಲೈನಲ್ಲಿ ತಂಡ ಒಂದು ಪ್ರಕಟಣೆ ಹೊರಡಿಸಿತು, ಅಷ್ಟೇ. ಬೇರೆ ಸೇವೆಯಾಗಿದ್ದರೆ ಕೊನೆಯ ಸದ್ದು ಆದ ಕೂಡಲೇ ವಿಡಿಯೊ ನಿಲ್ಲಿಸುತ್ತಿದ್ದರೋ ಏನೋ, ಇದರಲ್ಲಿ ಆ ನಡಿಗೆಯನ್ನು ಉಳಿಸಿದ್ದಾರೆ. ಅದಕ್ಕಾಗಿ ನನ್ನ ಎಲ್ಲ ದೂರನ್ನೂ ಬದಿಗಿಟ್ಟು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇನೆ. 2005ರ ಡೆಟ್ರಾಯಿಟ್ ಪಿಸ್ಟನ್ಸ್ ಫೈನಲ್ಸ್‌ನ ಏಳೂ ಪಂದ್ಯ ಇನ್ನೂ ಬಾಕಿ ಇವೆ, ಈ ಶನಿವಾರ ಶುರು.